ಯಾರೂ ಕೇಳದೆ ಮಾರಾಟವಾದ ಹಾಡು

ಸಿಂಧೂರ ಬಟಾಣಿ ಸುಲಿಯುತ್ತಿದ್ದರು. ನಾನೂ ಎದುರಿಗೆ ಕೂತು ಸುಲಿಯುತ್ತಿದ್ದೆ. ಸಿಪ್ಪೆ ಪೇಪರಿನ ಮೇಲೆ, ಕಾಳು ಸ್ಟೀಲ್ ಬೋಗುಣಿಯಲ್ಲಿ. ಮೊದಮೊದಲು ಕಾಳು ಬಿದ್ದಾಗ ಸದ್ದಾಗುತ್ತಿತ್ತು. ತಳ ಮುಚ್ಚಿದ ಮೇಲೆ ಅದೂ ನಿಂತಿತು.

ಫ್ರಿಜ್ಜಿನ ಮೇಲಿದ್ದ ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಪ್ರತಿ ಹೊಸ ಹಾಡು ಶುರುವಾದಾಗಲೂ ಸಿಂಧೂರ ಅವರ ಬೆರಳು ಸಿಪ್ಪೆಯ ಮೇಲೆ ನಿಲ್ಲುತ್ತಿತ್ತು. ಮೊದಲ ಸಾಲು ಕೇಳಿ, ಅದು ಬೇರೆ ಯಾರದೋ ದನಿ ಎಂದು ಗೊತ್ತಾದ ಮೇಲೆ ಮತ್ತೆ ಓಡುತ್ತಿತ್ತು. ನಾನು ತಲೆ ಎತ್ತದೆ ಆ ಬೆರಳನ್ನೇ ನೋಡುತ್ತಿದ್ದೆ.

ಅವರ ತಮ್ಮ ಗಗನ್ ಹೋದ ಮಳೆಗಾಲದಲ್ಲಿ, ನೋಯಿಡಾದ ಸ್ಟುಡಿಯೋ ಒಂದರಲ್ಲಿ ತನ್ನ ಮೊದಲ ಕ್ಯಾಸೆಟ್ಟಿನ ಕೊನೆಯ ಹಾಡು ಹಾಡಿ ಮುಗಿಸಿದ ದಿನವೇ ಕಾಣೆಯಾಗಿದ್ದ. ಹುಡುಕಿಕೊಡಿ ಎಂದು ಸಿಂಧೂರ ದಿಲ್ಲಿಯ ಮುನಿರ್ಕಾದಲ್ಲಿದ್ದ ನಮ್ಮ ಪತ್ತೇದಾರಿ ಆಫೀಸಿಗೆ ಬಂದಿದ್ದರು. ಆಫೀಸು ಎಂದರೆ ಎರಡು ಕೋಣೆ, ಮಿಲಿಟರಿ ಪೋಲೀಸಿನಿಂದ ನಿವೃತ್ತರಾದ ಸುಬೇದಾರ್ ಅಚ್ಚಪ್ಪ, ಮತ್ತು ಫೋನ್ ಎತ್ತಲು ನಾನು.

ಪೋಲೀಸರಿಗೆ ಈ ಕೇಸಿನಲ್ಲಿ ಆಸಕ್ತಿ ಇರಲಿಲ್ಲ. ಸಿಂಧೂರ ಅವರ ಗಂಡ ಅಭಿಷೇಕ್ ಆ ಸಂಜೆ ಆಫೀಸಿನಿಂದ ನೇರವಾಗಿ ನಿಜಾಮುದ್ದೀನ್ ಸ್ಟೇಷನ್ನಿಗೆ ಹೋಗಿ, ಗಗನ್‌ನನ್ನು ಬೊಂಬಾಯಿ ರೈಲು ಹತ್ತಿಸಿ ಬಂದಿದ್ದಾಗಿ ಬರೆದುಕೊಟ್ಟಿದ್ದರು. ಸ್ಟುಡಿಯೋ ಎಲ್ಲಿದೆ ಎಂಬುದೇ ತಮಗೆ ಗೊತ್ತಿಲ್ಲ ಎಂದೂ ಹೇಳಿದ್ದರು. ಬೊಂಬಾಯಿಗೆ ಹಾಡಲು ಹೋದ ಹುಡುಗರು ಹೀಗೇ, ಹೆಸರು ಬಂದ ಮೇಲೆ ಮನೆ ನೆನಪಾಗುತ್ತದೆ ಎಂದು ಇನ್ಸ್‌ಪೆಕ್ಟರು ಸಮಾಧಾನ ಮಾಡಿ ಕಳಿಸಿದ್ದರು.

ಹಾಲ್‌ನಲ್ಲಿ ಕೂತಿದ್ದ ಸುಬೇದಾರರು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು. ಕೈಯಲ್ಲಿ ಸಂಗೀತದ ವಾರಪತ್ರಿಕೆ ಇತ್ತು. ಅದರ ಒಂದೇ ಪುಟದಲ್ಲಿ ಎರಡು ಪಟ್ಟಿ ಅಕ್ಕಪಕ್ಕ ಬರುತ್ತವೆ. ದಿಲ್ಲಿಯ ಎಫ್‌ಎಂಗಳಲ್ಲಿ ವಾರಪೂರ್ತಿ ಯಾವ ಹಾಡು ಎಷ್ಟು ಸಲ ಬಂತು ಎನ್ನುವುದು ಎಡಕ್ಕೆ. ದಿಲ್ಲಿಯ ಅಂಗಡಿಗಳಲ್ಲಿ ಯಾವ ಕ್ಯಾಸೆಟ್ ಎಷ್ಟು ಹೋಯಿತು ಎನ್ನುವುದು ಬಲಕ್ಕೆ. ಗಗನ್ ಎಡಗಡೆ ಎಲ್ಲೂ ಇರಲಿಲ್ಲ. ಬಲಗಡೆ ಆರನೇ ಜಾಗದಲ್ಲಿದ್ದ.

"ಕ್ಯಾಸೆಟ್ ಕೊಳ್ತಿರೋರು ಸಿಕ್ಕಿದ್ರು," ಎಂದರು.

ಸಿಂಧೂರ ಬೋಗುಣಿಯನ್ನು ನಿಧಾನವಾಗಿ ಕೆಳಗಿಟ್ಟರು. "ಗಗನಾ?"

"ಅಲ್ಲಮ್ಮ. ವಯಸ್ಸಾದವರು. ದಿಲ್ಲೀಲೇ, ರೋಹಿಣಿ ಬಡಾವಣೇಲಿದ್ದಾರೆ."

"ಬೇರೆಯವರು?"

"ಬೇರೆ ಯಾರೂ ಇಲ್ಲ. ಅವರೊಬ್ಬರೇ."

ಸಿಂಧೂರ ಒಂದು ಕಾಯಿ ಎತ್ತಿಕೊಂಡರು, ಸುಲಿಯಲಿಲ್ಲ. "ಅಷ್ಟೊಂದು ಮನೆಗಳಲ್ಲಿ ಅವನ ದನಿ ಇದೆ ಅಂದ್ಕೊಂಡಿದ್ದೆ," ಎಂದರು. "ರಾತ್ರಿ ಬಾಲ್ಕನೀಲಿ ನಿಂತು ಎದುರು ಬ್ಲಾಕಿನ ಲೈಟ್ ನೋಡ್ತಿದ್ದೆ. ಇದರಲ್ಲಿ ಒಂದು ಮನೇಲಾದ್ರೂ ಈಗ ಹಾಕಿರ್ತಾರೆ ಅಂತ."

ನಾನು ಸಿಪ್ಪೆಯನ್ನು ಪೇಪರಿನಲ್ಲಿ ಮಡಚಿದೆ.

ನಮಗೆ ದಾರಿ ತೋರಿಸಿದ್ದು ಅನಂತಮೂರ್ತಿ. ಆ ವಾರಪತ್ರಿಕೆಯ ಎರಡೂ ಪಟ್ಟಿಗಳನ್ನು ತಯಾರಿಸುವವರು ಅವರೇ. ಅಂಗಡಿಗಳ ಪಟ್ಟಿಗೆ ಪ್ರತಿ ಶನಿವಾರ ದಿಲ್ಲಿಯ ಹತ್ತಾರು ಅಂಗಡಿಗಳಿಗೆ ಫೋನ್ ಮಾಡುತ್ತಾರೆ. ರೇಡಿಯೋ ಪಟ್ಟಿಗೆ ಅವರ ಆಫೀಸಿನಲ್ಲಿ ನಾಲ್ಕು ಜನ ಇಯರ್‌ಫೋನ್ ಹಾಕಿಕೊಂಡು ದಿನವಿಡೀ ಕೂತಿರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಸ್ಟೇಷನ್. ಪಕ್ಕದವರ ಕಿವಿಯಲ್ಲಿ ಏನು ಓಡುತ್ತಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ನಾವು ಹೋದಾಗ ಒಬ್ಬಾಕೆ ನಗುತ್ತಿದ್ದಳು, ಅವಳ ಪಕ್ಕದವನು ಆಕಳಿಸುತ್ತಿದ್ದ.

ಎರಡು ಪಟ್ಟಿ ಒಂದೇ ತರ ಇರಬೇಕಲ್ಲವೇ ಎಂದು ಸುಬೇದಾರರು ಕೇಳಿದಾಗ ಅನಂತಮೂರ್ತಿ ನಕ್ಕಿದ್ದರು. ಎಂದೂ ಇರುವುದಿಲ್ಲವಂತೆ. ರೇಡಿಯೋದಲ್ಲಿ ದಿನಕ್ಕೆ ಹತ್ತು ಸಲ ಬರುವ ಹಾಡನ್ನು ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು ಎನ್ನುತ್ತಾರಂತೆ ಜನ. ಜಾಗರಣೆಯ ಭಜನೆ, ಹರಿಯಾಣದ ಮದುವೆ ಹಾಡು ಲಾರಿಗಟ್ಟಲೆ ಮಾರಾಟವಾಗುತ್ತವೆ, ಆದರೆ ಎಫ್‌ಎಂನವರು ಅವನ್ನು ಮುಟ್ಟುವುದಿಲ್ಲವಂತೆ. "ಎಡಗಡೆ ಇರೋದು ಹಾಕೋರ ಇಷ್ಟ, ಬಲಗಡೆ ಇರೋದು ತಗೊಳ್ಳೋರ ಇಷ್ಟ," ಎಂದಿದ್ದರು.

ಆದರೂ ಗಗನ್‌ನ ಕ್ಯಾಸೆಟ್ ಅವರಿಗೆ ಬಿಡಿಸಲಾಗದ ಒಗಟಾಗಿತ್ತು. ಅದು ಭಜನೆಯಲ್ಲ, ಮದುವೆ ಹಾಡೂ ಅಲ್ಲ. ಒಬ್ಬ ಹುಡುಗ ಗಿಟಾರ್ ಹಿಡಿದು ಹಾಡಿದ್ದು. ಅಂಥದ್ದು ಮೊದಲು ರೇಡಿಯೋದಲ್ಲಿ ಬರಬೇಕು, ಎರಡು ಮೂರು ವಾರ ಕಳೆದ ಮೇಲೆ ಅಂಗಡಿಗೆ ಜನ ಬರಬೇಕು. ಕೇಳದೇ ಇರುವ ಹಾಡನ್ನು ಯಾರು ಕೊಳ್ಳುತ್ತಾರೆ?

ಕ್ಯಾಸೆಟ್ ಕಂಪನಿಯವರೇ ಕೊಂಡು ಪಟ್ಟಿಯಲ್ಲಿ ಮೇಲೆ ತರುತ್ತಿದ್ದಾರೆ ಎಂದು ಅನಂತಮೂರ್ತಿಗೆ ಮೊದಲು ಅನುಮಾನ ಬಂತಂತೆ. ಆ ದಂಧೆ ಹೊಸದಲ್ಲವಂತೆ. ಆದರೆ ಕಂಪನಿಯವನು ಇವರಿಗಿಂತ ಹೆಚ್ಚು ಬೆರಗಾಗಿದ್ದ. ಅಂಗಡಿಗಳಿಂದ ಬೇಡಿಕೆ ಬಂದು ಎರಡನೇ ಸಲ ಮಾಲು ಮಾಡಿಸಿ ಕಳಿಸಿದ್ದ. ಅದೂ ಖಾಲಿ.

ನಮಗೂ ಒಂದೂ ಕ್ಯಾಸೆಟ್ ಸಿಕ್ಕಿರಲಿಲ್ಲ. ಕರೋಲ್ ಬಾಗ್, ಪೀತಂಪುರಾ, ಎಲ್ಲಿ ಕೇಳಿದರೂ "ಖತಂ ಹೋ ಗಯಾ" ಖಾಲಿಯಾಯಿತು ಎಂಬ ಒಂದೇ ಉತ್ತರ. ಕೊನೆಗೆ ಕಮಲಾನಗರದ ಅಂಗಡಿಯ ಭಯ್ಯಾ, ಸುಬೇದಾರರು ಅವನ ಅಂಗಡಿಯ ಹಳೇ ಗಜಲುಗಳನ್ನು ಮುಕ್ಕಾಲು ಗಂಟೆ ಹೊಗಳಿದ ಮೇಲೆ, ಬಾಯಿಬಿಟ್ಟ. ಮಂಕಿ ಕ್ಯಾಪ್ ಹಾಕಿದ ಒಬ್ಬ ಅಂಕಲ್ ಸ್ಕೂಟರಿನಲ್ಲಿ ಬಂದು ಇದ್ದಷ್ಟನ್ನೂ ಒಯ್ಯುತ್ತಾರೆ, ಹೊಸ ಮಾಲು ಬಂದರೆ ಫೋನ್ ಮಾಡು ಎಂದು ರೋಹಿಣಿಯ ನಂಬರು ಕೊಟ್ಟಿದ್ದಾರೆ ಎಂದ.

ಅಂದು ಬೆಳಿಗ್ಗೆಯೇ ಸುಬೇದಾರರೂ ನಾನೂ ಬಸ್ಸಿನಲ್ಲಿ ಹೋಗಿ ಮನೆ ನೋಡಿಕೊಂಡು ಬಂದಿದ್ದೆವು. ಬೆಲ್ ಒತ್ತಲಿಲ್ಲ. ಸಿಂಧೂರ ಜೊತೆಗಿರಬೇಕು ಎಂದು ಸುಬೇದಾರರು ವಸಂತ್ ಕುಂಜ್‌ನ ಅವರ ಮನೆಗೆ ಬಂದಿದ್ದರು.

ನಾನು ಬಟಾಣಿ ಸಿಪ್ಪೆ ಎಸೆದು ಬರುವಷ್ಟರಲ್ಲಿ ಅಭಿಷೇಕ್ ಮನೆಗೆ ಬಂದರು. ಒಳಗೆ ಬರುತ್ತಲೇ ಜಾಕೆಟ್ ಬಿಚ್ಚಿ ಕುರ್ಚಿಗೆ ಹಾಕಿ, ನಮ್ಮನ್ನು ನೋಡಿ ನಕ್ಕರು.

"ಸುಬೇದಾರ್ ಸಾಬ್, ಇವತ್ತೂ ಬರೀ ಚಾಯ್ ಕುಡಿಯೋಕೆ ಬಂದ್ರಾ, ಇಲ್ಲಾ ಕೇಸೂ ಇದೆಯಾ?"

"ಚಹಾ ಚೆನ್ನಾಗಿದ್ರೆ ಕೇಸು ನಿಧಾನ ಆಗುತ್ತೆ," ಎಂದರು ಸುಬೇದಾರರು.

ಅಭಿಷೇಕ್ ಒಂದು ಎಫ್‌ಎಂ ಸ್ಟೇಷನ್ನಿನಲ್ಲಿ ದೊಡ್ಡ ಕೆಲಸದಲ್ಲಿದ್ದರು. ಯಾವ ಹಾಡು ಯಾವ ಹೊತ್ತಿಗೆ ಬರಬೇಕು, ಯಾವುದು ಬರಲೇಬಾರದು ಎಂದು ನಿರ್ಧರಿಸುವವರು ಅವರೇ. ಗಗನ್‌ನ ಹಾಡು ಯಾಕೆ ಬರುವುದಿಲ್ಲ ಎಂದು ಹಿಂದೆ ಕೇಳಿದಾಗ ಬೇಸರದಿಂದಲೇ ಹೇಳಿದ್ದರು: ಕೇಳುಗರಿಗೆ ಕೇಳಿಸಿ ನೋಡಿದೆವು, ಹಿಡಿಸಲಿಲ್ಲ, ಹೆಂಡತಿಯ ತಮ್ಮ ಎಂದು ಹಾಕಿದರೆ ನನ್ನ ಮರ್ಯಾದೆ ಏನಾಗಬೇಕು? ಮನೆಗೆ ಬಂದಿದ್ದ ಒಂದೇ ಒಂದು ಕ್ಯಾಸೆಟ್ಟನ್ನೂ ಸಿಂಧೂರ ಕೇಳುವ ಮುಂಚೆಯೇ ಸ್ಟೇಷನ್ನಿಗೆಂದು ತೆಗೆದುಕೊಂಡು ಹೋಗಿದ್ದರು. ಅದು ವಾಪಸ್ ಬಂದಿರಲಿಲ್ಲ.

ರೋಹಿಣಿಗೆ ಹೊರಟಿದ್ದೇವೆ ಎಂದು ಸಿಂಧೂರ ಹೇಳಿದಾಗ ಅಭಿಷೇಕ್ ಯಾಕೆ ಎಂದು ಕೇಳಲಿಲ್ಲ. "ಈಗಲೇನಾ?" ಎಂದರು. ಆಮೇಲೆ ತಾವೇ ಕಾರಿನಲ್ಲಿ ಬಿಡುತ್ತೇನೆ ಎಂದರು. ಹೊರಡುವ ಮುಂಚೆ ಮೊಬೈಲ್ ಹಿಡಿದು ಬಾಲ್ಕನಿಗೆ ಹೋದರು. ಗಾಜಿನ ಬಾಗಿಲು ಎಳೆದುಕೊಂಡಿದ್ದರಿಂದ ನನಗೆ ಬೆನ್ನು ಮಾತ್ರ ಕಂಡಿತು.

ಧೌಲಾ ಕುವಾಂ ದಾಟಿ, ರಿಂಗ್ ರೋಡಿನಲ್ಲಿ ಪಂಜಾಬಿ ಬಾಗ್ ದಾಟಿ, ಇನ್ನೂ ರೈಲು ಬಾರದ ಮೆಟ್ರೋ ಕಂಬಗಳ ಪಕ್ಕದಲ್ಲಿ ಹೋದೆವು. ಸುಬೇದಾರರು ಮುಂದೆ, ನಾವಿಬ್ಬರು ಹಿಂದೆ. ಫೆಬ್ರವರಿಯ ಬಿಸಿಲು ಕಾರಿನೊಳಗೆ ಬೀಳುತ್ತಿತ್ತು. ಸಿಂಧೂರ ಶಾಲನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಿದ್ದರು. ಪಕ್ಕದಲ್ಲಿ ನಾನಿದ್ದೇನೆ ಎಂಬುದು ಅವರಿಗೆ ಮರೆತೇ ಹೋಗಿತ್ತು.

ಸೆಕ್ಟರ್ ಮತ್ತು ಫ್ಲ್ಯಾಟುಗಳ ಸೊಸೈಟಿಯ ಹೆಸರು ಬಿಟ್ಟು ಸುಬೇದಾರರು ಅಭಿಷೇಕ್‌ಗೆ ಬೇರೇನೂ ಹೇಳಿರಲಿಲ್ಲ. ಆ ಸೊಸೈಟಿಗೆ ದೊಡ್ಡ ರಸ್ತೆಯ ಕಡೆ ಬೋರ್ಡು ಹಾಕಿದ ದೊಡ್ಡ ಗೇಟಿದೆ. ಕಳ್ಳರ ಭಯಕ್ಕೆ ಅಲ್ಲಿಯವರು ಅದಕ್ಕೆ ವರ್ಷವಿಡೀ ಬೀಗ ಹಾಕಿರುತ್ತಾರೆ. ಬೆಳಿಗ್ಗೆ ಸುಬೇದಾರರೂ ನಾನೂ ಅಲ್ಲಿ ನಿಂತು ಗೇಟು ಬಡಿದು, ಇಸ್ತ್ರಿಯವನನ್ನು ಕೇಳಿ, ಪಾರ್ಕು ಸುತ್ತಿಕೊಂಡು ಹಿಂದಿನ ಸಣ್ಣ ಗೇಟು ಹುಡುಕಿದ್ದೆವು. ಹೊಸಬರೆಲ್ಲ ಹಾಗೇ ಸುತ್ತುತ್ತಾರೆ ಎಂದು ಇಸ್ತ್ರಿಯವನು ನಕ್ಕಿದ್ದ.

ಅಭಿಷೇಕ್ ದೊಡ್ಡ ಗೇಟಿನ ಮುಂದೆ ನಿಧಾನ ಕೂಡ ಮಾಡಲಿಲ್ಲ. ಪಾರ್ಕಿನ ಪಕ್ಕಕ್ಕೆ ಕಾರು ತಿರುಗಿಸಿ ನೇರವಾಗಿ ಹಿಂದಿನ ಗೇಟಿಗೆ ತಂದು ನಿಲ್ಲಿಸಿದರು.

ನಾನು ಮುಂದಕ್ಕೆ ಬಗ್ಗಿದೆ. ಮುಂದಿನ ಸೀಟಿನಲ್ಲಿ ಸುಬೇದಾರರು ಮೀಸೆಯನ್ನು ಒಂದು ಸಲ ಸವರಿಕೊಂಡರು, ಅಷ್ಟೇ.

ಬಾಗಿಲು ತೆರೆದ ಮುದುಕರು ನಾವು ಬರುವುದನ್ನೇ ಕಾಯುತ್ತಿದ್ದವರ ಹಾಗಿದ್ದರು. ಹೆಸರು ಮಲ್ಲಿಕಾರ್ಜುನ. ನೋಯಿಡಾದಲ್ಲಿ ಅವರದೊಂದು ಸಣ್ಣ ಸ್ಟುಡಿಯೋ ಇತ್ತು, ಈಗ ಮುಚ್ಚಿದ್ದಾರೆ. ಗಗನ್ ಹಾಡಿದ್ದು ಅಲ್ಲಿಯೇ. ಇಷ್ಟನ್ನೂ ಕೇಳುವ ಮುಂಚೆಯೇ ಹೇಳಿದರು. ಎಲ್ಲರಿಗೂ ಕೈ ಮುಗಿದರು, ಅಭಿಷೇಕ್‌ಗೂ, ಮೊದಲ ಸಲ ನೋಡಿದವರ ಹಾಗೆ.

ಮನೆಯಲ್ಲಿ ಅವರೊಬ್ಬರೇ. ಸಿಂಕಿನ ಪಕ್ಕದಲ್ಲಿ ಒಂದು ತಟ್ಟೆ, ಒಂದು ಲೋಟ. ನಮಗೆ ನೀರು ಕೊಡಲು ಪಕ್ಕದ ಮನೆಯಿಂದ ಲೋಟ ತರುತ್ತೇನೆಂದು ಹೊರಟರು. ಸುಬೇದಾರರು ಬೇಡವೆಂದು ತಡೆದರು.

ಕ್ಯಾಸೆಟ್ಟುಗಳನ್ನು ಅವರು ಬಚ್ಚಿಟ್ಟಿರಲಿಲ್ಲ. ದಿವಾನಿನ ಕೆಳಗೆ, ಗೋಡೆಯ ಉದ್ದಕ್ಕೂ, ಬಾಲ್ಕನಿಯವರೆಗೆ ರಟ್ಟಿನ ಡಬ್ಬಿಗಳು. ಎಲ್ಲಾ ಕ್ಯಾಸೆಟ್ಟುಗಳ ಮೇಲೂ ಗಗನ್‌ನ ಮುಖ. ನೀಲಿ ಸ್ವೆಟರ್ ಹಾಕಿ ಯಾವುದೋ ಛಾವಣಿಯ ಮೇಲೆ ಕೂತು ನಗುತ್ತಿದ್ದಾನೆ. ಸಿಂಧೂರ ಒಂದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಧೂಳು ಒರೆಸಿದರು.

ಹುಡುಗ ಚೆನ್ನಾಗಿ ಹಾಡುತ್ತಿದ್ದ, ರೇಡಿಯೋದವರು ಕೈಬಿಟ್ಟರು, ಅಂಗಡಿಯಲ್ಲಿ ಬಿದ್ದಿರುವುದನ್ನು ನೋಡಲಾಗದೆ ಕೊಂಡೆ ಎಂದರು ಮಲ್ಲಿಕಾರ್ಜುನ. ಚೆನ್ನಾಗಿ ಪಾಠ ಮಾಡಿಕೊಂಡ ಹಾಗಿತ್ತು. ಸಿಂಧೂರ ಅವರ ಕಣ್ಣು ತುಂಬಿತು. ಒಂದು ಕ್ಷಣ ನಾನೂ ನಂಬಿದೆ.

"ಅಷ್ಟು ಪ್ರೀತಿ ಇದ್ರೆ ಒಂದನ್ನಾದ್ರೂ ಬಿಚ್ಚಿ ಕೇಳ್ತಿದ್ರಿ," ಎಂದರು ಸುಬೇದಾರರು. "ಎಲ್ಲದರ ಮೇಲೂ ಪ್ಲಾಸ್ಟಿಕ್ ಹಾಗೇ ಇದೆ."

ಮುದುಕರು ಡಬ್ಬಿಗಳ ಕಡೆ ನೋಡಿದರು.

"ನಾನು ಮೊದಲು ಬೇರೆ ತರ ಯೋಚಿಸಿದ್ದೆ," ಎಂದರು ಸುಬೇದಾರರು. "ಹುಡುಗನ್ನ ಮೇಲೆ ತರೋಕೆ ಯಾರೋ ಕೊಳ್ತಿದ್ದಾರೆ ಅಂತ. ಆದ್ರೆ ಮೇಲೆ ತರೋರು ಅಂಗಡೀಲಿ ನಾಲ್ಕು ಬಿಟ್ಟು ಬರ್ತಾರೆ, ಬೇರೆಯವರೂ ಕೊಳ್ಳಲಿ, ಕೇಳಲಿ ಅಂತ. ನೀವು ಒಂದೂ ಬಿಟ್ಟಿಲ್ಲ. ನಿಮಗೆ ಇದು ಯಾರ ಕಿವಿಗೂ ಬೀಳಬಾರದಾಗಿತ್ತು."

"ಅಚ್ಛಾ, ಇದೊಳ್ಳೆ ಕಥೆ," ಎಂದರು ಅಭಿಷೇಕ್. ಯಾರೂ ನಗಲಿಲ್ಲ.

"ನೀವು ಖಾಲಿ ಮಾಡಿದ ಹಾಗೆಲ್ಲ ಅಂಗಡಿಯವರು ಪತ್ರಿಕೆಗೆ ಖಾಲಿ ಆಯ್ತು ಅಂದ್ರು," ಸುಬೇದಾರರು ದನಿ ಏರಿಸದೆ ಮುಂದುವರಿಸಿದರು. "ಪತ್ರಿಕೆಯವರು ಮೇಲಕ್ಕೆ ಹಾಕಿದ್ರು. ಕಂಪನಿಯವರು ಮತ್ತೆ ಮಾಡಿಸಿ ಕಳಿಸಿದ್ರು. ಅದನ್ನೂ ನೀವೇ ತಂದ್ರಿ. ಸುಮ್ಮನೆ ಬಿಟ್ಟಿದ್ರೆ ಅದು ಧೂಳು ಹಿಡಿದು ತಾನೇ ಮಾಯವಾಗ್ತಿತ್ತು. ನಾನೂ ಬರ್ತಿರಲಿಲ್ಲ."

ಮಲ್ಲಿಕಾರ್ಜುನ ದಿವಾನಿನ ಮೇಲೆ ಕುಸಿದು ಕೂತರು. "ನನಗೇನು ಗೊತ್ತು? ಅಂಗಡಿಯವರನ್ನ ಕೇಳಿ ಬೇರೆ ಪಟ್ಟಿ ಮಾಡ್ತಾರೆ ಅಂತ ಯಾರಿಗೆ ಗೊತ್ತಿತ್ತು? ರೇಡಿಯೋದಲ್ಲಿ ಬರದೇ ಇದ್ರೆ ಆ ಹಾಡು ಇಲ್ಲ ಅಂತಲೇ ಲೆಕ್ಕ, ಯಾರೂ ಗಮನಿಸಲ್ಲ, ಧೈರ್ಯವಾಗಿ ತನ್ನಿ ಅಂತ ಹೇಳಿದ್ರು."

"ಹೇಳಿದ್ದು ಯಾರು?"

ಕೆಳಗೆ ಯಾರೋ ಕಾರ್ಪೆಟ್ ಬಡಿಯುತ್ತಿದ್ದರು. ಅಭಿಷೇಕ್ ಗಡಿಯಾರ ನೋಡಿಕೊಂಡು, ಸಂಜೆ ಟ್ರಾಫಿಕ್ ಶುರುವಾಗುತ್ತದೆ, ವಯಸ್ಸಾದವರನ್ನು ಹೆದರಿಸಬಾರದು, ಹೊರಡೋಣ ಎಂದರು. ಮಾತು ಮೃದುವಾಗಿಯೇ ಇತ್ತು. ಕಾರಿನ ಕೀ ಮಾತ್ರ ಬೆರಳಲ್ಲಿ ಸುತ್ತುತ್ತಿತ್ತು.

"ಕ್ಯಾಸೆಟ್ಟಲ್ಲಿ ಏನಿದೆ?" ಸುಬೇದಾರರು ಮುದುಕರನ್ನು ಬಿಡಲಿಲ್ಲ.

"ಹಾಡಿದೆ."

"ಹಾಡಾದ ಮೇಲೆ?"

ಮುದುಕರು ಮಂಕಿ ಕ್ಯಾಪ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಯಾರ ಮುಖವನ್ನೂ ನೋಡದೆ ನೆಲಕ್ಕೆ ಹೇಳಿದರು. ತಮ್ಮದೊಂದು ಪದ್ಧತಿಯಂತೆ. ಕೊನೆಯ ಹಾಡು ಮುಗಿದ ಕೂಡಲೇ ಮೆಷಿನ್ ನಿಲ್ಲಿಸುವುದಿಲ್ಲ. ಖಾಲಿ ಕೋಣೆಗೂ ತನ್ನದೇ ಒಂದು ಶಬ್ದ ಇರುತ್ತದೆ, ಅದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡರೆ ಮುಂದೆ ಹಾಡುಗಳ ನಡುವಿನ ಕತ್ತರಿಕೆ ಮುಚ್ಚಲು ಬೇಕಾಗುತ್ತದೆ. ಆ ದಿನವೂ ಮೆಷಿನ್ ಓಡಲು ಬಿಟ್ಟು, ಚಹಾ ಕುಡಿಯಲು ಕೆಳಗೆ ಹೋದರು. ಗಗನ್ ಹಾಡುವ ಕೋಣೆಯೊಳಗೇ ಇದ್ದ.

"ವಾಪಸ್ ಬಂದಾಗ?"

"ಯಾರೂ ಇರಲಿಲ್ಲ. ಟೇಪ್ ಎತ್ತಿ ಹಾಗೇ ಕಂಪನಿಗೆ ಕಳಿಸಿಬಿಟ್ಟೆ. ಹಾಡು ಮುಗಿದ ಮೇಲೆ ಕೇಳೋ ಅಭ್ಯಾಸ ಇರಲಿಲ್ಲ ನನಗೆ. ಬಿ ಸೈಡಲ್ಲಿ ಜಾಗ ಉಳಿದಿತ್ತು, ಅವರು ಅದನ್ನೂ ಸೇರಿಸಿ ಕಾಪಿ ಹೊಡೆದ್ರು." ಕ್ಯಾಪನ್ನು ಮಡಚುತ್ತಾ ಸೇರಿಸಿದರು, "ರೇಡಿಯೋದವರಿಗೆ ಒಂದು ಹಾಡಿನ ಸೀಡಿ ಮಾತ್ರ ಹೋಗಿತ್ತು. ಅದರಲ್ಲಿಲ್ಲ. ಕ್ಯಾಸೆಟ್ಟಲ್ಲಿ ಮಾತ್ರ ಇದೆ."

ಆಗ ಪ್ಲಾಸ್ಟಿಕ್ ಹರಿಯುವ ಸದ್ದು ಕೇಳಿಸಿತು. ಸಿಂಧೂರ ಉಗುರಿನಿಂದ ಕ್ಯಾಸೆಟ್ಟಿನ ಹೊದಿಕೆ ಸೀಳುತ್ತಿದ್ದರು.

"ಸಿಂಧೂ, ಇಲ್ಲಿ ಬೇಡ," ಎಂದರು ಅಭಿಷೇಕ್. "ಮನೇಲಿ ಕೇಳೋಣ. ಚಲೋ, ಹೋಗೋಣ."

"ಮನೇಲಿದ್ದದ್ದನ್ನ ನೀವೇ ತಗೊಂಡು ಹೋದ್ರಲ್ಲ."

ಅವರು ಗಂಡನ ಕಡೆ ತಿರುಗಲಿಲ್ಲ. ಕಿಟಕಿಯ ಪಕ್ಕದಲ್ಲಿ ಒಂದು ಹಳೆಯ ಟೇಪ್ ರೆಕಾರ್ಡರ್ ಇತ್ತು. ಬಿ ಸೈಡ್ ಹಾಕಿ, ಮುಂದಕ್ಕೆ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ, ಕೊನೆಯ ಹಾಡು ಹಿಡಿದರು.

ನಾನು ಗಗನ್‌ನ ದನಿ ಕೇಳಿದ್ದು ಅದೇ ಮೊದಲು. ದೊಡ್ಡ ದನಿಯಲ್ಲ. ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳಲಿ ಎಂದು ಹಾಡಿದ ಹಾಗಿತ್ತು. ಸಿಂಧೂರ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದು ನಿಂತಿದ್ದರು. ತುಟಿ ಅಲ್ಲಾಡುತ್ತಿತ್ತು. ಅವನು ಮನೆಯಲ್ಲಿ ಹಾಡುತ್ತಿದ್ದಾಗಲೇ ಸಾಲುಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು.

ಗಿಟಾರ್ ನಿಂತಿತು. ಹಾಡು ಮುಗಿಯಿತು.

ಮಲ್ಲಿಕಾರ್ಜುನ ಎದ್ದು ಬಂದು ಗುಂಡಿಯ ಕಡೆ ಕೈ ಚಾಚಿದರು. ಸುಬೇದಾರರು ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದರು.

ಸುಯ್ಯೆನ್ನುವ ಸದ್ದು. ಗಗನ್ ಯಾವುದೋ ರಾಗ ಗುನುಗಿದ. ಕುರ್ಚಿ ಸರಿಯಿತು. ದೂರದಲ್ಲೆಲ್ಲೋ ಹೆಜ್ಜೆ. ಆಮೇಲೆ ಹೊರಗಿನಿಂದ ಚಿಲಕ ಎಳೆದ ಸದ್ದು, ಸಣ್ಣದು, ಆದರೆ ಸ್ಪಷ್ಟ. ಗುನುಗು ನಿಂತಿತು.

ನಾನು ಅಭಿಷೇಕ್ ಅವರ ಕೈ ನೋಡಿದೆ. ಕೀ ಸುತ್ತುವುದು ನಿಂತಿತ್ತು.

ಟೇಪಿನಲ್ಲಿ ಗಗನ್ ನಕ್ಕ. ಎರಡು ಸಲ ಬಾಗಿಲು ತಟ್ಟಿದ.

"ಅಭಿ ಭಾವ, ಗಾಜಿನಾಚೆ ಕಾಣ್ತಿದ್ದೀರ ನೀವು," ಎಂದ. "ಸಾಕು ತಮಾಷೆ."

ಸಿಂಧೂರ ಈಗ ತಿರುಗಿದರು. "ಸ್ಟುಡಿಯೋ ಎಲ್ಲಿದೆ ಅಂತಲೇ ಗೊತ್ತಿಲ್ಲ, ರೈಲು ಹತ್ತಿಸಿ ಬಂದೆ ಅಂದಿದ್ರಿ," ಎಂದರು ಗಂಡನಿಗೆ. ಅಭಿಷೇಕ್ ಟೇಪ್ ರೆಕಾರ್ಡರನ್ನು ನೋಡುತ್ತಿದ್ದರು. ಸುಬೇದಾರರು ಹಿಂದೆ ಸರಿದು ಮನೆಬಾಗಿಲಿಗೆ ಅಡ್ಡವಾಗಿ ನಿಂತರು.

ಟೇಪ್ ತಿರುಗುತ್ತಲೇ ಇತ್ತು. ಗಗನ್ ಮತ್ತೆ ಮಾತಾಡಿದಾಗ ದನಿಯಲ್ಲಿ ನಗು ಇರಲಿಲ್ಲ.

"ಭಾವ, ಬಾಗಿಲು ತೆಗೀರಿ."

ಟೇಪಿನಲ್ಲೂ ಅಭಿಷೇಕ್ ಮಾತಾಡಲಿಲ್ಲ. ಇಲ್ಲೂ ಮಾತಾಡಲಿಲ್ಲ.